ಸಿಡ್ನಿಯ 1790: ಆ ವರ್ಷ ಅಷ್ಟು ಜನ ಸತ್ತದ್ದು ಯಾರ ತಪ್ಪಿನಿಂದ?

ಪ್ಯಾರಮಟ್ಟಾ ಪಾರು:
ಜನವರಿ 26, ಆಸ್ಟ್ರೇಲಿಯಾ ದಿನ, ಬಂದರೆ ಸಾಕು, ಇಲ್ಲಿ ಸಿಡ್ನಿಯಲ್ಲಿ ಎಲ್ಲರ ಬಾಯಲ್ಲೂ 1788. ಇಂಗ್ಲೆಂಡ್‌ನಿಂದ ಮೊದಲ ಕೈದಿಗಳನ್ನು ತಂದ ಹನ್ನೊಂದು ಹಡಗು, ಗವರ್ನರ್ ಆರ್ಥರ್ ಫಿಲಿಪ್, ಬಾವುಟ, ಅಷ್ಟೇ. ನನಗೆ ಕೇಳಿದರೆ ನ್ಯೂ ಸೌತ್ ವೇಲ್ಸ್ ಎಂಬ ಆ ಕೈದಿಗಳ ವಸಾಹತು ಉಳಿಯುತ್ತೋ ಇಲ್ಲವೋ ಎಂದು ತೀರ್ಮಾನ ಆದದ್ದು 1790ರಲ್ಲಿ. ಒಂದೇ ವರ್ಷದಲ್ಲಿ ಏನೆಲ್ಲ ಆಯಿತು ನೋಡಿ. ಮಾರ್ಚ್‌ನಲ್ಲಿ ಸಿರಿಯಸ್ ಹಡಗು ನಾರ್ಫೋಕ್ ದ್ವೀಪದ ಬಂಡೆಗೆ ಬಡಿದು ಹೋಯಿತು. ಏಪ್ರಿಲ್‌ನಲ್ಲಿ ರೇಷನ್ ಪ್ರಾಣ ಹಿಡಿದುಕೊಳ್ಳುವಷ್ಟಕ್ಕೆ ಇಳಿಯಿತು. ಜೂನ್‌ನಲ್ಲಿ ಎರಡನೇ ಹಡಗುಪಡೆ ಬಂತು, ಅರೆಸತ್ತ ಕೈದಿಗಳನ್ನು ಹೊತ್ತುಕೊಂಡು. ಸೆಪ್ಟೆಂಬರ್‌ನಲ್ಲಿ ಗವರ್ನರಿಗೇ ಈಟಿ ಬಿತ್ತು. ಡಿಸೆಂಬರ್‌ನಲ್ಲಿ ಅದೇ ಗವರ್ನರ್, ಮೂಲನಿವಾಸಿಗಳ ತಲೆ ಕಡಿದು ತನ್ನಿ ಎಂದು ಸೈನಿಕರನ್ನು ಕಾಡಿಗೆ ಕಳಿಸಿದರು.

ನನ್ನ ಪ್ರಶ್ನೆ ಜೂನ್ ತಿಂಗಳದ್ದು. ಸರ್ಪ್ರೈಸ್, ನೆಪ್ಚೂನ್, ಸ್ಕಾರ್ಬರೋ ಎಂಬ ಮೂರು ಹಡಗುಗಳಲ್ಲಿ ಇಂಗ್ಲೆಂಡ್‌ನಿಂದ ಹೊರಟವರು ಸುಮಾರು 1,000 ಕೈದಿಗಳು. ಅವರಲ್ಲಿ ಕಾಲುಭಾಗ ದಾರಿಯಲ್ಲೇ ಸತ್ತರು. ಇಳಿದ ಮೇಲೆ ಇನ್ನೂ ನೂರಕ್ಕಿಂತ ಹೆಚ್ಚು. ಇದಕ್ಕೆ ಯಾರನ್ನು ದೂರಬೇಕು? ಹಡಗಿನ ಗುತ್ತಿಗೆದಾರರನ್ನೋ, ಗುತ್ತಿಗೆ ಬರೆದ ಲಂಡನ್ ಸರ್ಕಾರವನ್ನೋ?

ಸುಮ್ನೆ ಓದುಗ:
ಗುತ್ತಿಗೆದಾರರನ್ನು. ಇದರಲ್ಲಿ ಯೋಚನೆ ಮಾಡುವುದಕ್ಕೆ ಏನಿದೆ?

ಲೆಕ್ಕದ ಪುಸ್ತಕ:
ಇದೆ ಸ್ವಾಮಿ, ತುಂಬಾ ಇದೆ. ಆ ಗುತ್ತಿಗೆ ಹಿಡಿದದ್ದು ಕ್ಯಾಮ್ಡನ್, ಕ್ಯಾಲ್ವರ್ಟ್ ಮತ್ತು ಕಿಂಗ್ ಎಂಬ ಕಂಪನಿ. ಅವರ ಹಳೇ ಕಸುಬು ಗುಲಾಮರ ಸಾಗಾಟ. ಸರ್ಕಾರ ಕೊಟ್ಟ ದರ ತಲೆಗೆ 17 ಪೌಂಡ್ 7 ಶಿಲಿಂಗ್ 6 ಪೆನ್ಸ್. ಯಾವ ತಲೆಗೆ? ಇಂಗ್ಲೆಂಡ್‌ನಲ್ಲಿ ಹಡಗು ಹತ್ತಿದ ತಲೆಗೆ. ಸಿಡ್ನಿಯಲ್ಲಿ ಜೀವಂತ ಇಳಿದ ತಲೆಗೆ ಅಲ್ಲ! ಕೈದಿ ಬದುಕಿದರೂ ಸತ್ತರೂ ಅದೇ ದುಡ್ಡು. ಸತ್ತರೆ ಅವನ ಪಾಲಿನ ಊಟ ಉಳಿಯಿತು, ಉಳಿದ ಊಟವನ್ನು ಸಿಡ್ನಿಯಲ್ಲಿ ಮಾರಿದರೆ ಇನ್ನೊಂದಿಷ್ಟು ದುಡ್ಡು.

ಸರ್ಪ್ರೈಸ್ ಹಡಗಿನಲ್ಲೇ ಬಂದ ಸೇನಾಧಿಕಾರಿ ಕ್ಯಾಪ್ಟನ್ ವಿಲಿಯಂ ಹಿಲ್ ಇದನ್ನು ಆಗಲೇ ಪತ್ರದಲ್ಲಿ ಬರೆದಿದ್ದರು. ಅವರ ವಾದ ಹೀಗೆ: ಗುಲಾಮರ ವ್ಯಾಪಾರ ಕೂಡ ಇದಕ್ಕಿಂತ ವಾಸಿ, ಅಲ್ಲಿ ಮನುಷ್ಯ ಬದುಕಿದ್ದರೆ ಮಾತ್ರ ಮಾರಾಟ, ಇಲ್ಲಿ ಎಷ್ಟು ಬೇಗ ಸತ್ತರೆ ಅಷ್ಟು ಲಾಭ. ಕಣ್ಣಾರೆ ಕಂಡವರ ಮಾತು ಇದು.

ಹಳೇ ಕಡತ:
ಹಿಲ್ ಮಾತ್ರ ಅಲ್ಲ. ಪಾದ್ರಿ ರಿಚರ್ಡ್ ಜಾನ್ಸನ್ ಹಡಗುಗಳ ಮೇಲೇ ಹೋಗಿದ್ದರು. ಸರ್ಪ್ರೈಸ್‌ನ ತಳ ಅಂತಸ್ತಿಗೆ ಇಳಿದು ನೋಡಿದರು. ಸ್ಕಾರ್ಬರೋದಲ್ಲಿ ಇಳಿಯಬೇಡಿ ಎಂದು ಕ್ಯಾಪ್ಟನ್ನೇ ತಡೆದರು. ನೆಪ್ಚೂನ್ ಎಲ್ಲಕ್ಕಿಂತ ಕೆಟ್ಟದ್ದು, ಅದರ ಕೆಳಗೆ ಇಳಿಯುವ ಧೈರ್ಯವೇ ಬರಲಿಲ್ಲ. ಆ ಕಾಲದವರು ಬರೆದಿಟ್ಟದ್ದರಲ್ಲಿ ನನಗೆ ಮರೆಯಲಾಗದ್ದು ಒಂದಿದೆ. ಒಂದೇ ಬೇಡಿಯಲ್ಲಿದ್ದ ಜೊತೆಗಾರ ಸತ್ತರೆ, ಬದುಕಿದವನು ಅದನ್ನು ಮುಚ್ಚಿಡುತ್ತಿದ್ದನಂತೆ. ಹೆಣದ ಪಾಲಿನ ಊಟ ತನಗೆ ಸಿಗಲಿ ಎಂದು. ವಾಸನೆ ಬಂದ ಮೇಲೆಯೇ ಗೊತ್ತಾಗುತ್ತಿತ್ತು.

ಆ ಬೇಡಿಗಳೂ ಗುಲಾಮರ ಹಡಗಿನವೇ. ಎರಡು ಕಾಲಿನ ನಡುವೆ ಸರಪಳಿ ಇಲ್ಲ, ಗಿಡ್ಡ ಕಬ್ಬಿಣದ ಸರಳು. ಬಿರುಗಾಳಿಗೆ ಹಡಗಿನೊಳಗೆ ನೀರು ನುಗ್ಗಿದಾಗ ಹಾಗೇ ನೀರಿನಲ್ಲಿ ಬಿದ್ದಿರಬೇಕು. ಇನ್ನು ಸಿಡ್ನಿ ಕೊಲ್ಲಿಗೆ ಬಂದ ಮೇಲೆ ಸತ್ತವರನ್ನು ನೀರಿಗೆ ಎಸೆದರು, ಬೆತ್ತಲೆ ಹೆಣಗಳು ದಡದ ಬಂಡೆಗಳ ಮೇಲೆ ಬಿದ್ದಿದ್ದವು. ಜಾನ್ಸನ್ ಹೋಗಿ ಗವರ್ನರಿಗೆ ಹೇಳಿದ ಮೇಲೆ ಅದು ನಿಂತಿತು.

ಬಿಸಿಬೇಳೆ:
ಊಟ ಮಾಡುತ್ತಾ ಓದಿದೆ. ಯಾಕಾದರೂ ಓದಿದೆನೋ.

ಕಡಲೂರ ಕಿಟ್ಟಿ:
ಒಂದು ನಿಮಿಷ ಮಾರಾಯ್ರೆ. ಎರಡನೇ ಪಡೆ ಅಂದರೆ ಆ ಮೂರು ಹಡಗು ಮಾತ್ರ ಅಲ್ಲ. ಅದೇ ಜೂನ್ 3ಕ್ಕೆ ಲೇಡಿ ಜೂಲಿಯಾನ ಬಂತು, 200ಕ್ಕೂ ಹೆಚ್ಚು ಹೆಂಗಸರು ಅದರಲ್ಲಿ. ಸತ್ತವರು ಬೆರಳೆಣಿಕೆ. ಅದರ ಗುತ್ತಿಗೆ ಹಿಡಿದವರು ವಿಲಿಯಂ ರಿಚರ್ಡ್ಸ್, 1788ರ ಮೊದಲ ಪಡೆಯ ಗುತ್ತಿಗೆದಾರರೇ. ಸರ್ಕಾರ ಒಂದೇ, ಸಮುದ್ರ ಒಂದೇ. ಗುತ್ತಿಗೆದಾರ ಬೇರೆ, ಫಲಿತಾಂಶ ಬೇರೆ. ಹಾಗಾದರೆ ತಪ್ಪು ಯಾರದು, ನೀವೇ ಹೇಳಿ.

ಲೆಕ್ಕದ ಪುಸ್ತಕ:
@ಕಡಲೂರ ಕಿಟ್ಟಿ ರಿಚರ್ಡ್ಸ್ ಒಳ್ಳೆಯ ಮನುಷ್ಯ ಎಂದೇ ಇಟ್ಟುಕೊಳ್ಳೋಣ. ಆ ಒಳ್ಳೆಯ ಮನುಷ್ಯನನ್ನು ಬಿಟ್ಟು ಇವರಿಗೆ ಗುತ್ತಿಗೆ ಕೊಟ್ಟವರು ಯಾರು? ಕಡಿಮೆ ದರಕ್ಕೆ ಆಸೆಪಟ್ಟ ಸರ್ಕಾರ ತಾನೇ?

ಕಡಲೂರ ಕಿಟ್ಟಿ:
ಕಡಿಮೆ ದರ ಕೇಳುವುದು ಎಲ್ಲ ಸರ್ಕಾರದ ಅಭ್ಯಾಸ. ಅದಕ್ಕೆ ಜನರಿಗೆ ಅನ್ನ ಕೊಡಬೇಡಿ ಅಂತ ಅರ್ಥ ಅಲ್ಲ. ಇನ್ನೊಂದು ವಿಷಯ. ಜೂಲಿಯಾನ 1789ರ ಜುಲೈಯಲ್ಲಿ ಹೊರಟು ದಾರಿಯುದ್ದಕ್ಕೂ ನಿಂತು ನಿಂತು ಬಂದ ಹಡಗು. ಟೆನೆರಿಫ್, ರಿಯೊ, ಆಫ್ರಿಕದ ದಕ್ಷಿಣ ತುದಿಯ ಕೇಪ್, ಎಲ್ಲ ಕಡೆ ತಾಜಾ ಮಾಂಸ, ಹಣ್ಣು, ತರಕಾರಿ. ಈ ಮೂರು ಹಡಗು ಜನವರಿಯಲ್ಲಿ ಹೊರಟು ಜೂನ್‌ಗೆ ಮುಟ್ಟಿದವು, ನಿಂತದ್ದು ಕೇಪ್‌ನಲ್ಲಿ ಮಾತ್ರ. ಬೇಗ ಬಂದರು, ಆದರೆ ಹಣ್ಣು ತರಕಾರಿ ಇಲ್ಲದೆ ಬರುವ ಸ್ಕರ್ವಿ ರೋಗ ಹಿಡಿದೇ ಬಂದರು.

ಹಳೇ ಕಡತ:
ಸರ್ಕಾರದ ಮನುಷ್ಯ ಹಡಗಿನಲ್ಲೇ ಇದ್ದ ಎನ್ನುವುದನ್ನೂ ಮರೆಯಬೇಡಿ. ಲೆಫ್ಟಿನೆಂಟ್ ಜಾನ್ ಶಾಪ್‌ಕೋಟ್, ನೌಕಾಪಡೆಯ ಏಜೆಂಟ್. ಕೈದಿಗಳನ್ನು ಸರಿಯಾಗಿ ನೋಡಿಕೊಳ್ಳುತ್ತಾರಾ ಎಂದು ಗಮನಿಸುವುದೇ ಅವನ ಕೆಲಸ. ದಾರಿಯಲ್ಲಿ ಅವನೂ ಸತ್ತ, ಅದೇ ನೆಪ್ಚೂನ್‌ನಲ್ಲಿ.

ರಾತ್ರಿಪಾಳಿ:
ಸ್ವಲ್ಪ ಹಿಂದಕ್ಕೆ ಹೋಗೋಣವೇ? ಜೂನ್‌ಗೆ ಮೊದಲು ಊರಿನ ಪರಿಸ್ಥಿತಿ ಏನಿತ್ತು ಎಂದು ಗೊತ್ತಿಲ್ಲದಿದ್ದರೆ ಈ ಹಡಗುಗಳ ಕಥೆ ಪೂರ್ತಿ ಅರ್ಥ ಆಗುವುದಿಲ್ಲ.

ಇಂಗ್ಲೆಂಡ್ ಏನೂ ಕಳಿಸಲಿಲ್ಲ ಎಂದಲ್ಲ. ಗಾರ್ಡಿಯನ್ ಎಂಬ ಹಡಗಿನ ತುಂಬಾ ದಿನಸಿ, ದನ, ಗಿಡಗಳನ್ನು ತುಂಬಿ ಕಳಿಸಿತ್ತು. 1789ರ ಡಿಸೆಂಬರ್ 24ಕ್ಕೆ, ಕೇಪ್ ದಾಟಿದ ಮೇಲೆ, ಅದು ಮಂಜುಗಡ್ಡೆಗೆ ಬಡಿಯಿತು. ಕ್ಯಾಪ್ಟನ್ ಎಡ್ವರ್ಡ್ ರಯೂ ಹಡಗು ಬಿಡದೆ, ನೀರು ಹೊರಹಾಕುತ್ತಾ, ಅರೆಮುಳುಗಿದ ಹಡಗನ್ನು ಕೇಪ್‌ಗೆ ವಾಪಸ್ ತಂದರು. ಅದು ದೊಡ್ಡ ಸಾಹಸವೇ. ಆದರೆ ಹಡಗು ಹಗುರ ಮಾಡಲು ಬಹುಪಾಲು ಸಾಮಾನನ್ನು ಸಮುದ್ರಕ್ಕೆ ಎಸೆಯಬೇಕಾಯಿತು. ಸಿಡ್ನಿಯಲ್ಲಿ ಇದು ಯಾರಿಗೂ ಗೊತ್ತಿಲ್ಲ. ಅವರು ಸೌತ್ ಹೆಡ್ ಗುಡ್ಡದ ಮೇಲೆ ಬಾವುಟದ ಕಂಬ ನೆಟ್ಟು ಕಾಯುತ್ತಾ ಕುಳಿತರು.

ಮಾರ್ಚ್‌ನಲ್ಲಿ ಫಿಲಿಪ್ ಒಂದು ಲೆಕ್ಕ ಹಾಕಿದರು. ನಾರ್ಫೋಕ್ ದ್ವೀಪದ ಮಣ್ಣು ಒಳ್ಳೆಯದು, ಒಂದಷ್ಟು ಬಾಯಿಗಳನ್ನು ಅಲ್ಲಿಗೆ ಕಳಿಸಿದರೆ ಇಲ್ಲಿ ಹೊರೆ ಇಳಿಯುತ್ತದೆ ಎಂದು. ವಸಾಹತಿನ ಹತ್ತಿರ ಇದ್ದ ಎರಡೇ ಹಡಗು, ಸಿರಿಯಸ್ ಮತ್ತು ಸಪ್ಲೈ, ಜನರನ್ನು ಕರೆದುಕೊಂಡು ಹೋದವು. ಮಾರ್ಚ್ 19ಕ್ಕೆ ಸಿರಿಯಸ್ ಬಂಡೆಗೆ ಸಿಕ್ಕಿಕೊಂಡಿತು. ಜನ ಎಲ್ಲ ಬದುಕಿದರು, ಹಡಗು ಹೋಯಿತು. ಏಪ್ರಿಲ್ ಮೊದಲ ವಾರ ಸಪ್ಲೈ ಒಂದೇ ವಾಪಸ್ ಬಂದು ಸುದ್ದಿ ಹೇಳಿದಾಗ ಸಿಡ್ನಿಯಲ್ಲಿ ಜನರ ಮುಖ ಹೇಗಿದ್ದಿರಬೇಕು! ಆ ಪುಟ್ಟ ಸಪ್ಲೈಯನ್ನೂ ಏಪ್ರಿಲ್ 17ಕ್ಕೆ ಬಟಾವಿಯಕ್ಕೆ (ಈಗಿನ ಜಕಾರ್ತ) ದಿನಸಿ ತರಲು ಕಳಿಸಿದರು. ಆಮೇಲೆ ಬಂದರಿನಲ್ಲಿ ಒಂದು ಹಡಗೂ ಇಲ್ಲ.

ಬಿಸಿಬೇಳೆ:
ರೇಷನ್ ಎಷ್ಟಿತ್ತು ಎಂದು ಯಾರಾದರೂ ಹೇಳಿ. ಈಗ ಊಟ ಮುಗಿದಿದೆ, ಪರವಾಗಿಲ್ಲ.

ರಾತ್ರಿಪಾಳಿ:
ವಾರಕ್ಕೆ ಎರಡೂವರೆ ಪೌಂಡ್ ಹಿಟ್ಟು, ಎರಡು ಪೌಂಡ್ ಉಪ್ಪು ಹಂದಿಮಾಂಸ, ಎರಡು ಪೌಂಡ್ ಅಕ್ಕಿ. ನಮ್ಮ ಅಳತೆಯಲ್ಲಿ ಹಿಟ್ಟು ಒಂದು ಕಿಲೋಗಿಂತ ಸ್ವಲ್ಪ ಜಾಸ್ತಿ, ಅಕ್ಕಿ ಒಂದು ಕಿಲೋಗಿಂತ ಕಡಿಮೆ. ಏಳು ದಿನಕ್ಕೆ. ಮಾಂಸ ಉಪ್ಪು ಹಾಕಿ ಮೂರ್ನಾಲ್ಕು ವರ್ಷ ಆದದ್ದು. ಅಕ್ಕಿಯಲ್ಲಿ ಹುಳ. ನೌಕಾ ಸೈನಿಕರ ಅಧಿಕಾರಿ ವಾಟ್ಕಿನ್ ಟೆಂಚ್ ಇದನ್ನೆಲ್ಲ ಬರೆದಿಟ್ಟಿದ್ದಾರೆ. ಗವರ್ನರಿಗೂ ಇದೇ ರೇಷನ್, ಕೈದಿಗೂ ಇದೇ. ಫಿಲಿಪ್ ತಮ್ಮ ಸ್ವಂತ ಹಿಟ್ಟನ್ನೂ ಸರ್ಕಾರಿ ಉಗ್ರಾಣಕ್ಕೆ ಕೊಟ್ಟರು. ಗವರ್ನರ್ ಮನೆಗೆ ಊಟಕ್ಕೆ ಕರೆ ಬಂದರೆ ಅಧಿಕಾರಿಗಳು ತಮ್ಮ ರೊಟ್ಟಿಯನ್ನು ತಾವೇ ಒಯ್ಯಬೇಕಿತ್ತು.

ಸುಮ್ನೆ ಓದುಗ:
ಎಲ್ಲರಿಗೂ ಒಂದೇ ರೇಷನ್! ಒಪ್ಪಿದೆ. ಫಿಲಿಪ್ ಗಟ್ಟಿ ಮನುಷ್ಯ.

ಹಳೇ ಕಡತ:
ಕಾಗದದ ಮೇಲೆ ಒಂದೇ. ಮೇ ತಿಂಗಳಲ್ಲಿ ಒಬ್ಬ ವಯಸ್ಸಾದ ಕೈದಿ ಉಗ್ರಾಣದ ಹತ್ತಿರವೇ ಕುಸಿದು ಸತ್ತ. ಕೊಯ್ದು ನೋಡಿದರೆ ಹೊಟ್ಟೆ ಪೂರ್ತಿ ಖಾಲಿ. ಅವನ ಹತ್ತಿರ ಬೇಯಿಸಿಕೊಳ್ಳಲು ಪಾತ್ರೆ ಇರಲಿಲ್ಲ. ಪಾತ್ರೆ ಕೊಟ್ಟವರಿಗೆ ತನ್ನ ಪಾಲಿನಲ್ಲೇ ಒಂದಷ್ಟು ಕೊಡಬೇಕಾಗುತ್ತಿತ್ತು. ಗವರ್ನರಿಗೆ ಅಡುಗೆಯವರಿದ್ದರು, ತೋಟ ಇತ್ತು, ಬೇಟೆಗಾರನಿದ್ದ. ಹಸಿವು ತಾಳದೆ ಆ ತೋಟಗಳಿಗೆ ನುಗ್ಗಿ ತರಕಾರಿ ಕದ್ದವರಿಗೆ ನೂರಾರು ಚಾಟಿಯೇಟು.

ಕಾಡುಮಲ್ಲಿಗೆ:
ಇಷ್ಟು ಹೊತ್ತು ಓದಿದೆ, ಒಬ್ಬರೂ ಈ ಪ್ರಶ್ನೆ ಕೇಳಲಿಲ್ಲ. ಆ ನೆಲದಲ್ಲಿ ಸಾವಿರಾರು ವರ್ಷದಿಂದ ಜನ ಬದುಕಿದ್ದರಲ್ಲ, ಇಯೋರಾ ಜನ. ಅವರು ಏನು ತಿನ್ನುತ್ತಿದ್ದರು? ಮೀನು, ಚಿಪ್ಪು, ಗೆಡ್ಡೆ, ಜರಿಗಿಡದ ಬೇರು. ಇವರು ಬಂದು ಬಲೆ ಹಾಕಿ ಅದೇ ಮೀನು ಬಾಚಿದರು. ಅದೇ ಕಾಂಗರೂ ಹೊಡೆದರು. 1789ರ ಏಪ್ರಿಲ್‌ನಲ್ಲಿ ಸಿಡುಬು ಬಂದು ಬಂದರಿನ ಸುತ್ತ ಇದ್ದ ಅವರ ಜನ ರಾಶಿ ರಾಶಿ ಸತ್ತರು. ದಡದ ಗುಹೆಗಳಲ್ಲೆಲ್ಲ ಹೆಣ. ನೀವು "ಹಸಿವಿನ ವರ್ಷ" ಎನ್ನುತ್ತಿದ್ದೀರಿ, ಯಾರ ಹಸಿವು?

ಕಡಲೂರ ಕಿಟ್ಟಿ:
ಪ್ರಶ್ನೆ ಸರಿ ಅಕ್ಕ. ಆದರೆ ಚಳಿಗಾಲದಲ್ಲಿ ಆ ಬಂದರಿನಲ್ಲಿ ಮೀನು ತೀರ ಕಡಿಮೆ ಆಗುತ್ತದೆ. ಅಲ್ಲಿಯವರೇ ಆ ಕಾಲದಲ್ಲಿ ಕಷ್ಟಪಡುತ್ತಿದ್ದರು. ಸಾವಿರ ಜನ ಒಂದೇ ಕೊಲ್ಲಿಯ ದಡದಲ್ಲಿ ಕೂತರೆ ಯಾವ ಸಮುದ್ರವೂ ಸಾಕುವುದಿಲ್ಲ. ನಾನು ಬೋಟಿನವರ ಮನೆಯಲ್ಲಿ ಹುಟ್ಟಿದವ, ಇಷ್ಟು ಗೊತ್ತು.

ಕಾಡುಮಲ್ಲಿಗೆ:
ಅದನ್ನೇ ನಾನೂ ಹೇಳಿದ್ದು. ಸಾವಿರ ಜನ ಬಂದು ಕೂತದ್ದೇ ಸಮಸ್ಯೆ.

ಲೆಕ್ಕದ ಪುಸ್ತಕ:
ನಾರ್ಫೋಕ್ ದ್ವೀಪದಲ್ಲೂ ಇದೇ ಆಯಿತು. ಸಿರಿಯಸ್ ಒಡೆದ ಮೇಲೆ ಅಲ್ಲಿ ಸಿಕ್ಕಿಬಿದ್ದವರು ಐನೂರಕ್ಕೆ ಹತ್ತಿರ. ಅಲ್ಲಿ ಅಧಿಕಾರ ವಹಿಸಿಕೊಂಡಿದ್ದ ಮೇಜರ್ ರಾಬರ್ಟ್ ರಾಸ್ ಮಾರ್ಷಲ್ ಲಾ, ಅಂದರೆ ಸೇನಾ ಕಾನೂನು, ಹಾಕಿದರು. ಅವರನ್ನು ಬದುಕಿಸಿದ್ದು ಒಂದು ಹಕ್ಕಿ. ಮೌಂಟ್ ಪಿಟ್ ಬೆಟ್ಟದಲ್ಲಿ ಬಿಲ ತೋಡಿ ಮೊಟ್ಟೆ ಇಡುವ ಕಡಲ ಹಕ್ಕಿ. ಮನುಷ್ಯನ ಭಯವೇ ಇಲ್ಲದ ಪ್ರಾಣಿ, ಕೈಯಲ್ಲೇ ಹಿಡಿಯಬಹುದಿತ್ತು. ಆ ಒಂದು ಋತುವಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹಕ್ಕಿ ಕೊಂದು ತಿಂದರು. ಕೆಲವೇ ವರ್ಷಗಳಲ್ಲಿ ಆ ಬೆಟ್ಟದಲ್ಲಿ ಅದು ಇಲ್ಲವಾಯಿತು. ದೇವರು ಕಳಿಸಿದ್ದು ಎಂದು ಅದಕ್ಕೆ ಹೆಸರಿಟ್ಟವರೂ ಇವರೇ, ಮುಗಿಸಿದವರೂ ಇವರೇ.

ಮಂಡ್ಯದ ಹೈದ:
ಬೇಜಾರಾಗಬೇಡಿ, ನಮ್ಮೂರನ್ನು ಸ್ವಲ್ಪ ಎಳೆದು ತರುತ್ತೇನೆ. ಇದೇ 1790ರಲ್ಲಿ ಟಿಪ್ಪು ಮೇಲೆ ಮೂರನೇ ಮೈಸೂರು ಯುದ್ಧ ಶುರುವಾಯಿತು. ಆಗ ಗವರ್ನರ್ ಜನರಲ್ ಕಾರ್ನ್‌ವಾಲಿಸ್. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಅಮೆರಿಕದವರಿಗೆ ಶರಣಾದವರು ಇವರೇ. ಅಮೆರಿಕ ಕೈ ತಪ್ಪಿದ್ದರಿಂದಲೇ ಅಲ್ಲವೇ ಬ್ರಿಟನ್ನಿಗೆ ಕೈದಿಗಳನ್ನು ಕಳಿಸಲು ಹೊಸ ಜಾಗ ಬೇಕಾದದ್ದು? ಇನ್ನೊಂದು ಕೊಂಡಿ: ಸಿಡ್ನಿಯಲ್ಲಿ ಬೀದಿ ಬೀದಿಗೆ ಹೆಸರಿರುವ ಲಾಕ್ಲನ್ ಮೆಕ್ವಾರಿ, 1810ರಲ್ಲಿ ಅಲ್ಲಿ ಗವರ್ನರ್ ಆದವರು, 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಇದ್ದರು.

ಸುಮ್ನೆ ಓದುಗ:
ಯಾವ ವಿಷಯ ತೆಗೆದರೂ ಶ್ರೀರಂಗಪಟ್ಟಣಕ್ಕೆ ಬಂದು ನಿಲ್ಲುತ್ತೆ ನಿಮ್ಮ ಬಸ್ಸು.

ಮಂಡ್ಯದ ಹೈದ:
ನಿಜ ಇದ್ದರೆ ಬರಲಿ ಬಿಡಿ! ಕೊಂಡಿ ಸುಳ್ಳಾಗಿದ್ದರೆ ಹೇಳಿ.

ಬಿಸಿಬೇಳೆ:
ನನ್ನದೂ ಒಂದು ಕೊಂಡಿ ಇದೆ, ಅಡುಗೆಮನೆಯದು. 1791ರಲ್ಲಿ ಅಟ್ಲಾಂಟಿಕ್ ಎಂಬ ಹಡಗನ್ನು ದಿನಸಿಗಾಗಿ ಕಲ್ಕತ್ತಕ್ಕೆ ಕಳಿಸಿದರು. 1792ರ ಜೂನ್‌ನಲ್ಲಿ ಅದು ತಂದದ್ದು ಅಕ್ಕಿ, ರವೆ, ಬೇಳೆ. ಉಪ್ಪಿಟ್ಟಿಗೆ, ಹುಳಿಗೆ ಎಲ್ಲ ಆಯಿತು ನೋಡಿ. ಆದರೆ ಆ ಇಂಗ್ಲಿಷರಿಗೆ ಗೋಧಿ ಹಿಟ್ಟು, ಉಪ್ಪು ಮಾಂಸ ಇಲ್ಲದಿದ್ದರೆ ಅದು ಊಟವೇ ಅಲ್ಲ. ಬೇಳೆ ನೋಡಿ ಮೂಗು ಮುರಿದರು. ಒಗ್ಗರಣೆ ಹಾಕುವವರು ಒಬ್ಬರಿದ್ದರೆ ಇತಿಹಾಸವೇ ಬೇರೆ.

ಪ್ಯಾರಮಟ್ಟಾ ಪಾರು:
😄 ಬೇಳೆ 1792ರದ್ದು, ಆದರೂ ಬಿಟ್ಟುಕೊಡುತ್ತೇನೆ. ಸೆಪ್ಟೆಂಬರ್‌ಗೆ ಬನ್ನಿ. ಈಟಿ ಪ್ರಸಂಗ ಗೊತ್ತಿರುವವರು ಹೇಳಿ.

ಕಾಡುಮಲ್ಲಿಗೆ:
ನಾನು ಹೇಳುತ್ತೇನೆ. ಅದಕ್ಕೆ 1789ರ ನವೆಂಬರ್‌ನಿಂದ ಶುರು ಮಾಡಬೇಕು. ಅಲ್ಲಿಯ ಜನ ತಾವಾಗಿ ಹತ್ತಿರ ಬರುತ್ತಿಲ್ಲ ಎಂದು ಫಿಲಿಪ್ ಇಬ್ಬರನ್ನು ಬಲವಂತವಾಗಿ ಹಿಡಿಸಿ ತಂದರು, ಬೆನೆಲಾಂಗ್ ಮತ್ತು ಕೋಲ್‌ಬಿ. ಕಾಲಿಗೆ ಸಂಕೋಲೆ. ಕೋಲ್‌ಬಿ ಬೇಗ ತಪ್ಪಿಸಿಕೊಂಡ. ಬೆನೆಲಾಂಗ್ ಗವರ್ನರ್ ಮನೆಯಲ್ಲೇ ಇದ್ದು, ಅವರ ಮಾತು ಕಲಿತು, ಮೇ 1790ರಲ್ಲಿ ಹೋಗಿಬಿಟ್ಟ.

ಸೆಪ್ಟೆಂಬರ್ 7ಕ್ಕೆ ಮ್ಯಾನ್ಲಿ ಕೊಲ್ಲಿಯಲ್ಲಿ ತಿಮಿಂಗಿಲವೊಂದು ದಡಕ್ಕೆ ಬಿದ್ದಿತ್ತು. ಸುತ್ತಲಿನ ಜನ ಅದನ್ನು ತಿನ್ನಲು ಸೇರಿದ್ದರು, ಬೆನೆಲಾಂಗ್ ಕೂಡ. ಅವನು ಗವರ್ನರಿಗೆ ಎಂದು ತಿಮಿಂಗಿಲದ ಮಾಂಸದ ತುಂಡೊಂದನ್ನು ಕಳಿಸಿದ. ಫಿಲಿಪ್ ತಕ್ಷಣ ದೋಣಿ ಹತ್ತಿ ಬಂದರು. ಮಾತುಕತೆ ಆಯಿತು, ಕೈ ಕುಲುಕಿದರು. ನಿಧಾನವಾಗಿ ಸುತ್ತಲೂ ಜನ ನೆರೆದರು. ಆಗ ವಿಲ್ಲೆಮೆರಿಂಗ್ ಎಂಬ ಬೇರೆ ಗುಂಪಿನವನ ಕಡೆಗೆ ಫಿಲಿಪ್ ಬರಿಗೈ ಚಾಚಿ ನಡೆದರು. ಅವನು ಈಟಿ ಎಸೆದ. ಬಲ ಭುಜದ ಹತ್ತಿರ ಹೊಕ್ಕು ಬೆನ್ನಿನಲ್ಲಿ ಹೊರಬಂತು. ಅಷ್ಟುದ್ದದ ಈಟಿ ನೆಲಕ್ಕೆ ತಾಗುತ್ತಾ ಓಡಲಾಗದೆ ಒದ್ದಾಡಿದರು. ಲೆಫ್ಟಿನೆಂಟ್ ವಾಟರ್‌ಹೌಸ್ ಕೋಲನ್ನು ಮುರಿದರು. ದೋಣಿಯಲ್ಲಿ ಸಿಡ್ನಿಗೆ ತಂದ ಮೇಲೆ ವೈದ್ಯ ಬಾಲ್ಮೇನ್ ಮೊನೆ ತೆಗೆದರು.

ಫಿಲಿಪ್ ಯಾರ ಮೇಲೂ ಸೇಡು ತೀರಿಸಕೂಡದು ಎಂದು ಆಜ್ಞೆ ಕೊಟ್ಟರು. ಕೆಲವು ಇತಿಹಾಸಕಾರರ ಪ್ರಕಾರ ಅದು ಆಕಸ್ಮಿಕ ಅಲ್ಲ. ಅಪಹರಣಕ್ಕೆ ಅವರ ಕಟ್ಟಳೆಯಂತೆ ಕೊಟ್ಟ ಶಿಕ್ಷೆ. ನನಗೆ ಇದೇ ಸರಿ ಎನಿಸುತ್ತದೆ. ಯಾಕೆಂದರೆ ಅಷ್ಟು ಹತ್ತಿರದಿಂದ ಕೊಲ್ಲಬೇಕೆಂದಿದ್ದರೆ ಕೊಂದೇ ಬಿಡಬಹುದಿತ್ತು. ಅದಾದ ಮೇಲೆ ಬೆನೆಲಾಂಗ್ ತಾನಾಗಿಯೇ ಊರಿಗೆ ಬಂದು ಹೋಗಲು ಶುರು ಮಾಡಿದ. ಅವನಿಗೆ ಇಟ್ಟಿಗೆಯ ಪುಟ್ಟ ಮನೆ ಕಟ್ಟಿಕೊಟ್ಟರು. ಆ ಜಾಗದಲ್ಲಿ ಈಗ ಆಪೆರಾ ಹೌಸ್ ಇದೆ.

ರಾತ್ರಿಪಾಳಿ:
ಅದು ಒಂದು ಊಹೆ ಅಷ್ಟೇ. ಟೆಂಚ್ ಬರೆದದ್ದು ಬೇರೆ. ವಿಲ್ಲೆಮೆರಿಂಗ್ ಹೆದರಿದ, ತನ್ನನ್ನೂ ಹಿಡಿಯುತ್ತಾರೆ ಎಂದುಕೊಂಡ, ಅದಕ್ಕೇ ಎಸೆದ ಎಂದು.

ಕಾಡುಮಲ್ಲಿಗೆ:
ಟೆಂಚ್ ಅಲ್ಲಿ ಇರಲಿಲ್ಲ. ಮತ್ತೆ, ಹಿಡಿಯುತ್ತಾರೆ ಎಂಬ ಹೆದರಿಕೆ ಯಾಕೆ ಬಂತು? ಹಿಂದೆ ಹಿಡಿದಿದ್ದಕ್ಕೇ ತಾನೇ?

ಕಡಲೂರ ಕಿಟ್ಟಿ:
ಆ ತಿಮಿಂಗಿಲದ ಕಥೆ ಯಾರೂ ಹೇಳಲಿಲ್ಲ! ಜುಲೈಯಲ್ಲಿ ಬಂದರಿನೊಳಗೆ ಒಂದು ತಿಮಿಂಗಿಲ ದೋಣಿಯೊಂದನ್ನು ಮಗುಚಿ ಹಾಕಿತ್ತು. ಒಬ್ಬ ಮಿಡ್‌ಶಿಪ್‌ಮನ್ (ನೌಕಾಪಡೆಯ ಕಿರಿಯ ಅಧಿಕಾರಿ) ಮತ್ತು ಇಬ್ಬರು ಸೈನಿಕರು ಮುಳುಗಿ ಸತ್ತರು. ಮ್ಯಾನ್ಲಿಯಲ್ಲಿ ಬಿದ್ದದ್ದು ಅದೇ ತಿಮಿಂಗಿಲ ಎಂದು ಊರವರ ನಂಬಿಕೆ. ಅದು ಅಲ್ಲಿ ಸಾಯದಿದ್ದರೆ ಆ ಭೇಟಿಯೂ ಇಲ್ಲ, ಈಟಿಯೂ ಇಲ್ಲ.

ಹಳೇ ಕಡತ:
"ಸೇಡು ಬೇಡ" ಎಂದ ಫಿಲಿಪ್‌ರನ್ನು ಎಲ್ಲರೂ ಹೊಗಳುತ್ತಾರೆ. ಡಿಸೆಂಬರ್ ಬಗ್ಗೆ ಯಾಕೆ ಮಾತಿಲ್ಲ? ಅವರ ಬೇಟೆಗಾರ ಮೆಕೆಂಟೈರ್‌ಗೆ ಪೆಮುಲ್ವುಯ್ ಎಂಬ ಮೂಲನಿವಾಸಿ ಈಟಿ ಹೊಡೆದ. ಆ ಬೇಟೆಗಾರನನ್ನು ಕಂಡರೆ ಬೆನೆಲಾಂಗ್‌ಗೂ ಆಗುತ್ತಿರಲಿಲ್ಲ. ಆ ಬೇಟೆಗಾರ ಮೂಲನಿವಾಸಿಗಳನ್ನು ಮೊದಲೇ ಕೊಂದಿದ್ದ ಎಂಬ ಅನುಮಾನ ಬಿಳಿಯರಲ್ಲೇ ಇತ್ತು. ಫಿಲಿಪ್ ಟೆಂಚ್‌ರನ್ನು ಕರೆದು, ಇಬ್ಬರನ್ನು ಹಿಡಿಯಿರಿ, ಹತ್ತು ಜನರ ತಲೆ ತನ್ನಿ ಎಂದರು. ತಲೆ ತರಲು ಚೀಲ ಕೂಡ ಕೊಟ್ಟರು. ಟೆಂಚ್ ಮಾತನಾಡಿ ಅದನ್ನು ಆರು ಜನರನ್ನು ಹಿಡಿಯುವುದಕ್ಕೆ ಇಳಿಸಿದರು. ಲೆಫ್ಟಿನೆಂಟ್ ವಿಲಿಯಂ ಡಾಸ್ ಮೊದಲು ಹೋಗಲಾರೆ ಎಂದೇ ಬಿಟ್ಟರು. ಆಮೇಲೆ ಹೋದರು, ಆದರೆ ಮತ್ತೆ ಇಂಥ ಆಜ್ಞೆ ಪಾಲಿಸುವುದಿಲ್ಲ ಎಂದು ಬಹಿರಂಗವಾಗಿ ಹೇಳಿದರು. ಐವತ್ತು ಜನ ಕಾಡು ಕೆಸರೆಲ್ಲ ತುಳಿದು ಬರಿಗೈಲಿ ಬಂದರು. ಇನ್ನೊಮ್ಮೆ ಹೋದಾಗಲೂ ಅಷ್ಟೇ.

ಸುಮ್ನೆ ಓದುಗ:
ಗಟ್ಟಿ ಮನುಷ್ಯ ಎಂದಿದ್ದೆ. ಈಗ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ.

ಮಂಡ್ಯದ ಹೈದ:
ಕೈದಿಗಳು ದೋಣಿ ಕದ್ದು ಓಡಿಹೋದದ್ದೂ ಇದೇ ವರ್ಷ ಅಲ್ವಾ? ಮೇರಿ ಬ್ರಯಂಟ್, ಮಕ್ಕಳ ಸಮೇತ ಟಿಮೋರ್‌ವರೆಗೆ?

ರಾತ್ರಿಪಾಳಿ:
ಅದು 1791ರ ಮಾರ್ಚ್. 1790ರ ಸೆಪ್ಟೆಂಬರ್‌ನಲ್ಲಿ ಓಡಿದವರು ಬೇರೆ, ಜಾನ್ ಟಾರ್ವುಡ್ ಮತ್ತು ನಾಲ್ವರು. ತಹೀಟಿಗೆ ಹೋಗುತ್ತೇವೆ ಎಂದುಕೊಂಡು ಹೊರಟರು. ಸತ್ತೇ ಹೋದರು ಎಂದು ಎಲ್ಲರೂ ಬಿಟ್ಟಿದ್ದರು. 1795ರಲ್ಲಿ ಪ್ರಾವಿಡೆನ್ಸ್ ಎಂಬ ಹಡಗು ಪೋರ್ಟ್ ಸ್ಟೀಫನ್ಸ್‌ಗೆ ಹೋದರೆ ಅಲ್ಲಿ ನಾಲ್ವರು ಬದುಕಿದ್ದರು! ಅಲ್ಲಿಯ ಜನ ಅವರನ್ನು ತಮ್ಮೊಳಗೆ ಸೇರಿಸಿಕೊಂಡು, ಹೆಸರಿಟ್ಟು, ಮದುವೆ ಮಾಡಿಸಿದ್ದರು. ಐವರಲ್ಲಿ ಒಬ್ಬ ಮಾತ್ರ ಸತ್ತಿದ್ದ.

ಕಾಡುಮಲ್ಲಿಗೆ:
ನೆಪ್ಚೂನ್‌ನಲ್ಲಿ ಮೂವರಿಗೊಬ್ಬ ಸತ್ತ. "ಕಾಡು ಜನ" ಎಂದು ಕರೆದವರ ನಡುವೆ ಐದು ವರ್ಷ ಇದ್ದು ನಾಲ್ವರು ಬದುಕಿದರು. ಇದನ್ನೂ ಬರೆದುಕೊಳ್ಳಿ ಲೆಕ್ಕದ ಪುಸ್ತಕದವರೇ.

ಲೆಕ್ಕದ ಪುಸ್ತಕ:
ಬರೆದುಕೊಂಡೆ ಮೇಡಂ. ಮೊದಲ ಪ್ರಶ್ನೆಗೆ ನನ್ನ ಉತ್ತರ ಮುಗಿಸುತ್ತೇನೆ. ನೆಪ್ಚೂನ್ ಕ್ಯಾಪ್ಟನ್ ಡೊನಾಲ್ಡ್ ಟ್ರೇಲ್ ಮೇಲೆ ಲಂಡನ್‌ನಲ್ಲಿ 1792ರಲ್ಲಿ ಕೊಲೆ ಮೊಕದ್ದಮೆ ನಡೆಯಿತು. ಖುಲಾಸೆ. ಕಂಪನಿಗೆ ಏನೂ ಆಗಲಿಲ್ಲ. ಅಷ್ಟೇ ಅಲ್ಲ, ಸಿಡ್ನಿಯ ಸುದ್ದಿ ಲಂಡನ್ ಮುಟ್ಟುವ ಮೊದಲೇ 1791ರ ಮೂರನೇ ಪಡೆಯ ಗುತ್ತಿಗೆಯನ್ನೂ ಸರ್ಕಾರ ಇದೇ ಕಂಪನಿಗೆ ಕೊಟ್ಟಾಗಿತ್ತು. ಜೀವಂತ ಇಳಿಸಿದರೆ ಮಾತ್ರ ಪೂರ್ತಿ ಹಣ ಎಂಬ ಷರತ್ತು ಆಮೇಲೆ ಬಂತು, ಬಂದ ಮೇಲೆ ಸಾವು ಇಳಿಯಿತು. ಕಾಗದದ ಒಂದು ಸಾಲು ಬದಲಾದದ್ದಕ್ಕೆ ಜನ ಬದುಕಿದರು ಎಂದರೆ, ಮೊದಲು ಆ ಸಾಲು ಬರೆದವರೇ ಹೊಣೆ.

ಕಡಲೂರ ಕಿಟ್ಟಿ:
ಬೀಗ ಹಾಕದ ಮನೆಯಲ್ಲಿ ಕಳ್ಳತನ ಆದರೆ ಕಳ್ಳನನ್ನು ಬಿಟ್ಟು ಮನೆಯವನನ್ನು ಜೈಲಿಗೆ ಹಾಕುತ್ತೀರಾ?

ಲೆಕ್ಕದ ಪುಸ್ತಕ:
ಮನೆಯವನೇ ಕಳ್ಳನಿಗೆ ಸಂಬಳ ಕೊಟ್ಟಿದ್ದರೆ, ಹೌದು.

ಪ್ಯಾರಮಟ್ಟಾ ಪಾರು:
ಇಬ್ಬರೂ ಸ್ವಲ್ಪ ನೀರು ಕುಡಿಯಿರಿ. ಡಿಸೆಂಬರ್‌ನಲ್ಲಿ ಬಟಾವಿಯದಿಂದ ಬಂದ ಡಚ್ ಹಡಗು ವಾಕ್ಸಾಮ್‌ಹೇಡ್ ಬಗ್ಗೆ ಇನ್ನೂ ಯಾರೂ ಬರೆದಿಲ್ಲ. ಅದರ ಕ್ಯಾಪ್ಟನ್ ಜೊತೆ ಫಿಲಿಪ್ ಬಾಡಿಗೆಗೆ ಚೌಕಾಸಿ ಮಾಡಿದ ಕಥೆ ಗೊತ್ತಿರುವವರು ಇದ್ದೀರಾ?

ಬಿಸಿಬೇಳೆ:
ಅದರಲ್ಲಿ ಅಕ್ಕಿ ಇತ್ತೇ? ಇದ್ದರೆ ನಾನು ಬರೆಯುತ್ತೇನೆ.